ಹೋದದ್ದು ಯಾರ ಮಾನ?

ನಮ್ಮ ಭಾಷೆಯಲ್ಲಿ ಹೆಣ್ಣಿನ ಮಾನಕ್ಕೆ ಎಷ್ಟೊಂದು ಓಡಾಟ! ಅದು ಹೋಗುತ್ತದೆ, ಹರಾಜಾಗುತ್ತದೆ, ಬೀದಿಗೆ ಬೀಳುತ್ತದೆ, ಮಣ್ಣುಪಾಲಾಗುತ್ತದೆ. ಗಂಡಸಿನ ಮಾನ ಹೀಗೆ ಊರೂರು ಅಲೆಯುವುದಿಲ್ಲ. ಅವನು ಕುಡಿದು ಚರಂಡಿಯ ಪಕ್ಕ ಮಲಗಿದ್ದರೂ ಅದು ಅವನ ಜೇಬಿನಲ್ಲೇ ಭದ್ರವಾಗಿರುತ್ತದೆ. ಬೆಳಗ್ಗೆ ಎದ್ದು ಮುಖ ತೊಳೆದುಕೊಂಡರೆ ಆಯಿತು, ಯಜಮಾನರು ಯಜಮಾನರೇ.

ಈಗ ಕೆಲವು ವರ್ಷಗಳಿಂದ ಹೆಣ್ಣಿನ ಮಾನ ಹೋಗುವ ದಾರಿ ಮೊಬೈಲಿನೊಳಗಿದೆ. ನನ್ನ ತಕರಾರು ಮೊಬೈಲಿನ ಮೇಲಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸುದ್ದಿಯೆಂಬ ಹೆಸರಿನಲ್ಲಿ ಹೆಣ್ಣುಮಗಳೊಬ್ಬಳನ್ನು ಹರಾಜಿಗಿಟ್ಟು, ಆಮೇಲೆ ದಂಡವನ್ನೂ ಅವಳಿಂದಲೇ ವಸೂಲು ಮಾಡುತ್ತೇವಲ್ಲ, ಆ ಲೆಕ್ಕದ ಮೇಲೆ ನನ್ನ ತಕರಾರು. ನಮ್ಮ ಕೋಲಾರದ ಮಂಡಿಯಲ್ಲಿ ಟೊಮ್ಯಾಟೊ ಹರಾಜಾದರೂ ಬೆಳೆದವರ ಕೈಗೆ ನಾಲ್ಕು ಕಾಸು ಬರುತ್ತದೆ. ಜುಲೈ 2023ರಲ್ಲಂತೂ 15 ಕೆ.ಜಿ. ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತ್ತು. ಈ ಇನ್ನೊಂದು ಹರಾಜಿನಲ್ಲಿ ಕಾಸು ಯಾರಿಗೆ, ಕಳೆದುಕೊಳ್ಳುವುದು ಯಾರು, ನೀವೇ ಯೋಚಿಸಿ.

ಹಿಂದೆ ಇದೆಲ್ಲಾ ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನಾನು ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದ ದಿನಗಳಲ್ಲಿ ಬಸ್ ನಿಲ್ದಾಣದ ಅಂಗಡಿಗಳ ಮುಂದೆ ದಾರ ಕಟ್ಟಿ ವಾರಪತ್ರಿಕೆಗಳನ್ನು ನೇತುಹಾಕುತ್ತಿದ್ದರು. ಮುಖಪುಟದಲ್ಲಿ ಕೆಂಪಕ್ಷರ, ಯಾವಳೋ ಹೆಣ್ಣುಮಗಳ ಫೋಟೋ, ಪಕ್ಕದಲ್ಲಿ ‘ಕಾಮಕಾಂಡ’ ಎಂಬ ಪದ. ಕೊಳ್ಳುವವರು ಅದನ್ನು ದಿನಪತ್ರಿಕೆಯೊಳಗೆ ಮಡಚಿಟ್ಟುಕೊಂಡು ಹೋಗುತ್ತಿದ್ದರು. ಕೊಳ್ಳುವುದಕ್ಕೆ ಕಾಸು ಬೇಕಿತ್ತು, ಅಂಗಡಿಯವನ ಮುಖ ನೋಡುವ ನಾಚಿಕೆ ದಾಟಬೇಕಿತ್ತು. ಈಗ ಎರಡೂ ಬೇಕಿಲ್ಲ. ಅನ್ನಕ್ಕೆ ಎಸರಿಟ್ಟು ನಿಂತಿರುವಾಗಲೇ ಅಡಿಗೆಕಟ್ಟೆಯ ಮೇಲೆ ಫೋನು ಟಿಣ್ ಎನ್ನುತ್ತದೆ. ನೋಡಿದರೆ ಯಾರದೋ ಮನೆಯ ಹುಡುಗಿ. ಕಳಿಸಿದವರು ಯಾರು? ನಮ್ಮ ಸಂಘದ ಅಕ್ಕನೇ. ಮೇಲೆ ಒಂದು ಸಾಲು: ‘ಹೆಣ್ಣುಮಕ್ಕಳ ತಂದೆತಾಯಿಗಳೇ ಎಚ್ಚರ.’

ಈ ‘ಎಚ್ಚರ’ ಎಂಬ ಮಾತು ನನಗೆ ಮೈಯುರಿ ತರಿಸುತ್ತದೆ. ಗಂಡುಮಕ್ಕಳ ತಂದೆತಾಯಿಗಳೇ ಎಚ್ಚರ ಎಂದು ಬಂದ ಒಂದು ವಿಡಿಯೊ ನಿಮ್ಮಲ್ಲಿ ಯಾರಿಗಾದರೂ ತಲುಪಿದೆಯೇ?

ನಮ್ಮ ಜಿಲ್ಲೆಯ ಒಂದು ವಿಚಿತ್ರ ನೋಡಿ. ಐಫೋನೆಂಬ ದುಬಾರಿ ಫೋನನ್ನು ಜೋಡಿಸುವ ಕಾರ್ಖಾನೆ ಇರುವುದು ನಮ್ಮ ನರಸಾಪುರದಲ್ಲಿ. ಮೊದಲು ವಿಸ್ಟ್ರಾನ್ ಎಂಬ ತೈವಾನಿನ ಕಂಪನಿಯದಾಗಿತ್ತು, 2023ರಲ್ಲಿ ಟಾಟಾದವರ ಕೈಗೆ ಬಂತು. ನಮ್ಮ ತಾಲ್ಲೂಕುಗಳ ಹುಡುಗಿಯರು ಕಂಪನಿ ಬಸ್ಸು ಹಿಡಿದು ಅಲ್ಲಿಗೆ ಹೋಗಿ, ಸೂಜಿಮೊನೆಯಷ್ಟು ಸ್ಕ್ರೂಗಳನ್ನು ಕೂರಿಸಿ ಬರುತ್ತಾರೆ. ಅದೇ ಹುಡುಗಿ ಮನೆಗೆ ಬಂದು ತನ್ನ ಸಾಧಾರಣ ಫೋನನ್ನು ಕೈಗೆತ್ತಿಕೊಂಡರೆ, ‘ಯಾರ ಹತ್ರ ಮಾತು? ಕೊಡಿಲ್ಲಿ’ ಎಂದು ಪಿ.ಯು.ಸಿ. ಫೇಲಾದ ತಮ್ಮ ಕಿತ್ತುಕೊಳ್ಳುತ್ತಾನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದ ಗಂಡಸರು 100ಕ್ಕೆ 57, ಹೆಂಗಸರು 33. ಇನ್ನುಳಿದ ಹೆಂಗಸರೆಲ್ಲ ಇಂಟರ್‌ನೆಟ್ಟಿನಲ್ಲಿ ಇಲ್ಲವೆಂದು ಹೇಳಲು ಮಾತ್ರ ಬರುವುದಿಲ್ಲ. ಅವರು ಫೋನು ಮುಟ್ಟದಿದ್ದರೂ ಅವರ ಚಿತ್ರ ಅಲ್ಲಿರಬಹುದು.

ಮಾಲೂರು ತಾಲ್ಲೂಕಿನ ಯಲವಹಳ್ಳಿಯ ವಿಷಯ ನಿಮಗೆ ನೆನಪಿರಬೇಕು. ಅಲ್ಲಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದು ಡಿಸೆಂಬರ್ 2023ರಲ್ಲಿ ಬಯಲಾಯಿತು. ಬಯಲಾದದ್ದು ಒಂದು ವಿಡಿಯೊದಿಂದ. ಅದು ಹೊರಗೆ ಬರದಿದ್ದರೆ ಪ್ರಾಂಶುಪಾಲರ ಬಂಧನವೂ ಇಲ್ಲ, ಅಮಾನತೂ ಇಲ್ಲ. ಆ ಮಕ್ಕಳ ಮಟ್ಟಿಗೆ ಫೋನು ದೇವರ ಹಾಗೆ ಬಂತು. ಆದರೆ ಅದೇ ಹೊತ್ತಿನಲ್ಲಿ ಅದೇ ಶಾಲೆಯ ಚಿತ್ರಕಲಾ ಶಿಕ್ಷಕನ ಫೋನುಗಳೂ ಹೊರಗೆ ಬಂದವು. ಹೆಣ್ಣುಮಕ್ಕಳು ಬಟ್ಟೆ ಬದಲಿಸುವಾಗ ಕದ್ದು ತೆಗೆದ ಚಿತ್ರಗಳು, ವಿಡಿಯೊಗಳು ಅವುಗಳಲ್ಲಿ ರಾಶಿರಾಶಿಯಾಗಿ ಇದ್ದವೆಂಬುದು ಪೊಲೀಸರ ಆರೋಪ. ತನ್ನ ಮೇಲಿನ ಪೋಕ್ಸೊ ಪ್ರಕರಣ ರದ್ದು ಮಾಡಿ ಎಂದು ಆತ ಹೈಕೋರ್ಟಿಗೆ ಹೋದಾಗ, 2024ರಲ್ಲಿ ಕೋರ್ಟು ಒಪ್ಪಲಿಲ್ಲ.

ಒಂದೇ ಶಾಲೆಯ ಆವರಣದಲ್ಲಿ ಒಂದು ಫೋನು ಮಕ್ಕಳನ್ನು ಕಾಯಿತು, ಇನ್ನೊಂದು ಮಕ್ಕಳನ್ನು ಕದ್ದಿತು ಎಂದಾಯಿತು. ಆಗ ನಮ್ಮ ಬೀದಿಯಲ್ಲಿ ಕೇಳಿಬಂದ ಮಾತೇನು ಗೊತ್ತೇ? ‘ಹೆಣ್ಣುಮಕ್ಕಳನ್ನ ಹಾಸ್ಟೆಲ್ಲಿಗೆ ಹಾಕಬಾರದು ಕಣ್ರೀ.’ ಅಷ್ಟೇ! ಒಬ್ಬ ಮೇಷ್ಟರ ಫೋನಿನಲ್ಲಿ ಏನಿತ್ತು ಎಂಬ ಪ್ರಶ್ನೆಗೆ ಸಿಕ್ಕ ಪರಿಹಾರ, ಹುಡುಗಿಯರು ಓದು ಬಿಟ್ಟು ಮನೆಯಲ್ಲಿರುವುದು. ಗಂಡು ಮೇಷ್ಟರನ್ನು ಹಾಸ್ಟೆಲ್ಲಿಗೆ ಹಾಕಬಾರದು ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ.

ಇನ್ನು ನನ್ನ ಕಣ್ಣೆದುರಿಗೇ ನಡೆದದ್ದನ್ನು ಹೇಳುತ್ತೇನೆ. ನಮ್ಮ ಚಿಕ್ಕಪ್ಪನ ಮಗನ ಮಗಳು, ಮುಳಬಾಗಿಲು ಕಡೆಯವಳು, ಕೋಲಾರದಲ್ಲಿ ಬಿ.ಕಾಂ. ಓದುತ್ತಿದ್ದಳು. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ಕಾಸು ಬೇಡ, ಓದಿಸಲು ಅವರಪ್ಪನಿಗೂ ಧೈರ್ಯ ಬಂದಿತ್ತು. ಒಂದು ದಿನ ತುಂಬಿದ ಬಸ್ಸಿನಲ್ಲಿ ಒಬ್ಬ ಕೈಹಾಕಿದ. ಒಮ್ಮೆ ಸರಿದು ನಿಂತಳು, ಎರಡನೇ ಸಲ ಗದರಿದಳು. ಬಸ್ಸಿಳಿದ ಮೇಲೂ ಅವನು ಹಲ್ಲು ಕಿರಿದುಕೊಂಡು ಹಿಂದೆ ಬಂದಾಗ ಚಪ್ಪಲಿ ತೆಗೆದು ಎರಡು ಬಾರಿಸಿದಳು. ಬಸ್ಸಿನೊಳಗೆ ನಡೆದದ್ದನ್ನು ಯಾರೂ ಚಿತ್ರ ತೆಗೆದಿರಲಿಲ್ಲ, ಚಪ್ಪಲಿಯಿಂದ ಮುಂದಿನದು ಮಾತ್ರ ಮೂರು ಫೋನುಗಳಲ್ಲಿ ಬಂತು. ಸಂಜೆಯೊಳಗೆ ಯೂಟ್ಯೂಬಿನ ಒಂದು ಸ್ಥಳೀಯ ಚಾನೆಲ್ಲು ಅದಕ್ಕೆ ಸಂಗೀತ ಸೇರಿಸಿ, ‘ಬಸ್ ನಿಲ್ದಾಣದಲ್ಲಿ ಯುವತಿಯ ರಂಪಾಟ’ ಎಂದು ಹೆಸರಿಟ್ಟು ಹಾಕಿತು. ಕೆಳಗೆ ಬರೆದವರ ಕಲ್ಪನೆಗಳನ್ನು ನಾನಿಲ್ಲಿ ಬರೆಯಲಾರೆ. ಇಬ್ಬರ ನಡುವೆ ಏನೋ ಇತ್ತಂತೆ, ದುಡ್ಡಿನ ವ್ಯವಹಾರವಂತೆ, ಇನ್ನೂ ಏನೇನೋ ಅಂತೆ. ಅವನ ಮುಖ ಆ ಕಡೆ ತಿರುಗಿತ್ತು, ಇವಳ ಮುಖ ನೇರವಾಗಿ ಕಾಣುತ್ತಿತ್ತು.

ಅವಳ ಕಾಲೇಜು ಬಿಡಿಸಿದರೆಂದು ತಿಳಿದು ನಾನು ಹೋದೆ. ತಮ್ಮ ಜಗಲಿಯ ಮೇಲೆ ತಲೆ ಬಗ್ಗಿಸಿ ಕೂತಿದ್ದ. ‘ಏನಕ್ಕಾ ಮಾಡೋದು, ಊರೆಲ್ಲಾ ನೋಡ್ಬಿಟ್ಟವ್ರೆ’ ಎಂದ.

‘ಏನನ್ನಪ್ಪಾ ನೋಡಿದ್ದು? ಪೋಕರಿಯೊಬ್ಬನಿಗೆ ನಿನ್ನ ಮಗಳು ಬುದ್ಧಿ ಕಲಿಸಿದ್ದನ್ನ ತಾನೆ?’

‘ಅದು ನಿಂಗೆ ಗೊತ್ತು, ನಂಗೆ ಗೊತ್ತು. ನಾಳೆ ಗಂಡಿನ ಕಡೆಯೋರು ಬಂದಾಗ ಪಕ್ಕದ ಮನೆಯೋನು ಫೋನ್ ತೆಗೆದು ತೋರಿಸ್ತಾನಲ್ಲಕ್ಕಾ, ಆಗ?’

ತಮ್ಮ ಕೆಟ್ಟವನಲ್ಲ. ಮಗಳ ಮೇಲೆ ಪ್ರಾಣವನ್ನೇ ಇಟ್ಟಿದ್ದಾನೆ. ಆದರೆ ಆ ಚಾನೆಲ್ಲಿನವನಿಗೆ ಫೋನು ಮಾಡಿ, ತೆಗೆಯಯ್ಯಾ ಅದನ್ನ ಎಂದು ಹೇಳುವುದಕ್ಕಿಂತ ಮಗಳನ್ನು ಮನೆಯೊಳಗೆ ಕೂಡಿಹಾಕುವುದು ಅವನಿಗೆ ಸುಲಭವಾಗಿ ಕಂಡಿತು. ಒಳಗಿನಿಂದ ಅವನ ಹೆಂಡತಿ ಬಂದು, ಮುಳ್ಳು ಸೆರಗಿನ ಮೇಲೆ ಬಿದ್ದರೂ ಸೆರಗು ಮುಳ್ಳಿನ ಮೇಲೆ ಬಿದ್ದರೂ ಹರಿಯೋದು ಸೆರಗೇ ಅಲ್ವಾ ಅತ್ತಿಗೆ ಎಂದಳು. ಈ ಗಾದೆಯನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತಾ ಬಂದಿದ್ದೇನೆ. ಕುಡುಗೋಲು ತಂದು ಮುಳ್ಳು ಕಡಿಯೋಣ ಎಂಬ ಗಾದೆ ನಮ್ಮ ಕಡೆ ಯಾಕೆ ಹುಟ್ಟಲಿಲ್ಲವೋ! ಹೊಲದಲ್ಲಾದರೆ ಹಾಗೆ ಮಾಡುತ್ತೇವೆ. ದಾರಿಗೆ ಜಾಲಿ ಬೆಳೆದರೆ ಸೀರೆ ಉಡುವುದನ್ನೇನೂ ಬಿಡುವುದಿಲ್ಲ.

ನಾನು ಆ ಚಾನೆಲ್ಲು ನಡೆಸುವವನಿಗೆ ಮಾತಾಡಿದೆ. ವಿನಯವಾಗಿಯೇ ಮಾತಾಡಿದ. ‘ಮೇಡಂ, ನಾವೇನು ಸುಳ್ಳು ಹಾಕಿಲ್ಲ, ನಡೆದದ್ದನ್ನೇ ಹಾಕಿದ್ದೀವಿ. ಜನ ನೋಡ್ತಾರೆ, ಹಾಕ್ತೀವಿ’ ಎಂದ. ನಡೆದದ್ದರಲ್ಲಿ ಅರ್ಧವನ್ನು ಹಾಕಿದರೆ ಅದು ಸುಳ್ಳಲ್ಲವೇ ಎಂದರೆ ಅವನಿಗೆ ಅರ್ಥವಾಗಲಿಲ್ಲ, ಅಥವಾ ಅರ್ಥವಾಗದ ಹಾಗಿದ್ದ. ಪತ್ರಿಕಾ ವೃತ್ತಿಯ ಬಗ್ಗೆ ಪುಸ್ತಕವನ್ನೇ ಬರೆದ ಡಿ.ವಿ.ಜಿ. ಹುಟ್ಟಿದ್ದು ಮುಳಬಾಗಿಲಿನಲ್ಲಿ. ವರ್ಷಗಟ್ಟಲೆ ‘ಜೀವನ’ ಮಾಸಿಕವನ್ನು ನಡೆಸಿದ ಮಾಸ್ತಿಯವರು ಮಾಲೂರು ತಾಲ್ಲೂಕಿನವರು. ಅಂಥವರ ನೆಲದಲ್ಲಿ ಈಗ ಕೈಯಲ್ಲೊಂದು ಮೈಕು, ಕೊರಳಲ್ಲೊಂದು ಗುರುತಿನ ಚೀಟಿ ಇದ್ದರೆ ಸಾಕು, ಅವನು ಪತ್ರಕರ್ತ. ಊರಿನ ಕೆರೆ, ಆಸ್ಪತ್ರೆ, ರೇಷನ್ ಅಂಗಡಿ ಯಾವುದೂ ಅವನ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಊರಿನ ಸಣ್ಣ ಚಾನೆಲ್ಲನ್ನೇ ಬೈಯುತ್ತಾ ಕೂತರೆ ಆಗದು. ಈ ರೋಗ ಎಷ್ಟು ದೂರ ಹೋಗಬಹುದೆಂದು ಹಾಸನ ತೋರಿಸಿತು. ಏಪ್ರಿಲ್ 2024ರ ಲೋಕಸಭಾ ಚುನಾವಣೆಯ ಮತದಾನಕ್ಕೆ ಕೆಲವೇ ದಿನ ಮೊದಲು ಅಲ್ಲಿ ಪೆನ್‌ಡ್ರೈವ್‌ಗಳನ್ನು ಹಂಚಿದರು. ಆಗಿನ ಸಂಸದ ಪ್ರಜ್ವಲ್ ರೇವಣ್ಣ ಹೆಂಗಸರ ಮೇಲೆ ನಡೆಸಿದ ದೌರ್ಜನ್ಯದವೆಂದು ಹೇಳಲಾದ ವಿಡಿಯೊಗಳು ಅವುಗಳಲ್ಲಿದ್ದವು. ಆ ಹೆಂಗಸರ ಮುಖಗಳನ್ನು ಮಸುಕು ಮಾಡುವಷ್ಟು ಕನಿಕರವೂ ಹಂಚಿದವರಿಗಿರಲಿಲ್ಲ. ಅವು ಫೋನಿನಿಂದ ಫೋನಿಗೆ ಹಾರಿದವು. ಕೆಲವು ಹೆಂಗಸರು ಊರನ್ನೇ ಬಿಟ್ಟು ಹೋದರೆಂದು ಪತ್ರಿಕೆಗಳು ಬರೆದವು. ವಿಡಿಯೊ ಇಟ್ಟುಕೊಳ್ಳುವುದೂ ಹಂಚುವುದೂ ಅಪರಾಧ ಎಂದು ವಿಶೇಷ ತನಿಖಾ ತಂಡ ಎಚ್ಚರಿಕೆ ಕೊಡುವ ಹೊತ್ತಿಗೆ ರಾಜ್ಯವೆಲ್ಲಾ ನೋಡಿಯಾಗಿತ್ತು. ನೋಡಿದವರೆಲ್ಲ ‘ಅಯ್ಯೋ ಪಾಪ’ ಎಂದೇ ನೋಡಿದರು, ಅದೇ ನನಗೆ ಹೆಚ್ಚು ಭಯ. ಅಯ್ಯೋ ಪಾಪ ಎನ್ನುತ್ತಲೇ ಮುಂದಿನವರಿಗೆ ಕಳಿಸಿದರು. ಆಗಸ್ಟ್ 2025ರಲ್ಲಿ ಒಂದು ಅತ್ಯಾಚಾರ ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಆತನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ದೂರು ಕೊಟ್ಟು ನಿಂತವರು ಮನೆಗೆಲಸ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳು. ಅವರ ಧೈರ್ಯಕ್ಕೆ ಕೈಮುಗಿಯಬೇಕು. ಅಷ್ಟು ಮುಖಗಳು ಬೀದಿಗೆ ಬಿದ್ದ ಮೇಲೂ ಒಬ್ಬರು ಕೋರ್ಟಿನ ಮೆಟ್ಟಿಲು ಹತ್ತಿದರೆಂದರೆ, ಬೀಳದಿದ್ದರೆ ಇನ್ನೆಷ್ಟು ಜನ ಹತ್ತುತ್ತಿದ್ದರೋ.

ಹಾಗಾದರೆ ಇಂಥವನ್ನೆಲ್ಲ ಮುಚ್ಚಿಡಬೇಕೇ ಎಂದು ಕೇಳುವವರಿದ್ದಾರೆ. ಮುಚ್ಚಿಡಬೇಕೆಂದು ಯಾರು ಹೇಳಿದರು? ಮುಚ್ಚಿಟ್ಟೇ ನಮ್ಮ ಅಜ್ಜಿಯರು ಸತ್ತರು. ಬೆಳಗಾವಿ ತಾಲ್ಲೂಕಿನ ಹೊಸ ವಂಟಮುರಿಯಲ್ಲಿ ಡಿಸೆಂಬರ್ 2023ರಲ್ಲಿ, ಮಗ ಪ್ರೀತಿಸಿದ ಹುಡುಗಿಯೊಂದಿಗೆ ಹೋದನೆಂದು ತಾಯಿಯನ್ನು ಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿದರು. ಪತ್ರಿಕೆಯಲ್ಲಿ ಬಂದ ವರದಿ ನೋಡಿ ಹೈಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಅದು ಸುದ್ದಿಯ ಕೆಲಸ. ಆಮೇಲೆ ಆಸ್ಪತ್ರೆಯಲ್ಲಿ ಮಲಗಿದ್ದ ಆಕೆಯನ್ನು ‘ಸಂತೈಸಲು’ ಸಾಲುಗಟ್ಟಿದವರನ್ನು ತಡೆಯುವುದಕ್ಕೂ ಅದೇ ಹೈಕೋರ್ಟು ಆದೇಶ ಹೊರಡಿಸಬೇಕಾಯಿತು. ಸುದ್ದಿ ಎಲ್ಲಿ ಮುಗಿದು ಸಂತೆ ಎಲ್ಲಿ ಶುರುವಾಗುತ್ತದೆಂದು ತಿಳಿಯಲು ದೊಡ್ಡ ವಿದ್ಯೆ ಬೇಕಿಲ್ಲ. ಮಾಡಿದವನ ಹೆಸರು ಹೇಳಿ, ಠಾಣೆ ಏನು ಮಾಡಿತು ಹೇಳಿ, ಆಸ್ಪತ್ರೆ, ಶಾಲೆ, ಪಂಚಾಯಿತಿ ಏನು ಮಾಡಲಿಲ್ಲ ಹೇಳಿ. ಅವಳ ಮುಖ, ಅವಳ ಮನೆ, ಅವಳ ಓಣಿ ಯಾಕೆ ಬೇಕು ನಿಮಗೆ?

ನಮ್ಮ ಬಡಾವಣೆಯ ಸ್ತ್ರೀಶಕ್ತಿ ಸಂಘದ ವಾಟ್ಸಪ್ ಗುಂಪಿನಲ್ಲಿ ಕಳೆದ ವರ್ಷ ಒಂದು ಕಟ್ಟುಪಾಡು ಮಾಡಿದೆವು. ಹೆಣ್ಣುಮಗಳ ಮುಖವಿರುವ ಯಾವ ‘ಸುದ್ದಿ’ಯನ್ನೂ ಹಾಕುವಂತಿಲ್ಲ, ಎಚ್ಚರಿಕೆ ಕೊಡುವುದಕ್ಕೂ ಇಲ್ಲ, ಕನಿಕರ ತೋರುವುದಕ್ಕೂ ಇಲ್ಲ. ನಾಲ್ಕು ಜನ ಸಿಟ್ಟಾಗಿ ಗುಂಪು ಬಿಟ್ಟರು. ಒಬ್ಬಾಕೆ, ಹಾಗಾದ್ರೆ ಗುಂಪಿನಲ್ಲಿ ಇನ್ನೇನಿರುತ್ತೆ, ಬರೀ ಗುಡ್ ಮಾರ್ನಿಂಗ್ ಹೂವಾ ಎಂದು ಕೇಳಿದಳು. ನಗು ಬಂತು, ಆದರೆ ಪ್ರಶ್ನೆ ಸರಿಯಾದದ್ದೇ. ಈಗ ಹಾಲಿನ ಡೇರಿಯ ಬಟವಾಡೆ, ಸಾಲದ ಕಂತು, ಯಾವ ಬಸ್ಸು ಬರಲಿಲ್ಲ, ಇಂಥವು ಬರುತ್ತವೆ. ತಮ್ಮನ ಮಗಳ ವಿಷಯ ಇನ್ನೂ ಹಗ್ಗಜಗ್ಗಾಟದಲ್ಲೇ ಇದೆ. ಪರೀಕ್ಷೆಗೆ ಕೂರಿಸಲು ಒಪ್ಪಿದ್ದಾನೆ, ಬಸ್ಸಿನಲ್ಲಿ ಒಬ್ಬಳೇ ಕಳಿಸಲು ಒಪ್ಪಿಲ್ಲ.

ನಿಮ್ಮ ಮನೆಗೆ ಇಂಥದು ಬಂದರೆ ಹುಡುಗಿಯ ಫೋನು ಕಿತ್ತುಕೊಳ್ಳುವ ಮೊದಲು ಒಂದಿಷ್ಟು ಕೆಲಸವಿದೆ. ಗಾಬರಿಯಲ್ಲಿ ವಿಡಿಯೊ ಅಳಿಸಿಹಾಕಬೇಡಿ. ಅದು ಬಂದ ನಂಬರು, ಚಾನೆಲ್ಲಿನ ಹೆಸರು, ಲಿಂಕು, ದಿನಾಂಕ, ಗಂಟೆ ಬರೆದಿಡಿ, ತೆರೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಜಿಲ್ಲೆಗೊಂದು ಸೈಬರ್ ಅಪರಾಧದ ಸಿ.ಇ.ಎನ್. ಠಾಣೆ ಇದೆ. ನಮಗೆ ಕೋಲಾರದಲ್ಲಿದೆ. ಸಹಾಯವಾಣಿ 1930, ಹೆಂಗಸರಿಗೆಂದೇ 181. ಲೈಂಗಿಕ ದೃಶ್ಯಗಳನ್ನು ಹಂಚಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಮಿನಲ್ಲಿ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡವಿದೆ. ಅತ್ಯಾಚಾರಕ್ಕೊಳಗಾದವರ ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಲ್ಲಿ 2 ವರ್ಷದವರೆಗೆ ಜೈಲು. ಠಾಣೆಯಲ್ಲಿ, ‘ಹೋಗ್ಲಿ ಬಿಡಮ್ಮಾ, ಹುಡುಗಿ ಭವಿಷ್ಯ ನೋಡು’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದಕ್ಕೇ ಒಬ್ಬರೇ ಹೋಗಬೇಡಿ, ಸಂಘದ ನಾಲ್ಕು ಜನರನ್ನು ಕರೆದುಕೊಂಡು ಹೋಗಿ. ದೂರಿನ ಸ್ವೀಕೃತಿ ಚೀಟಿ ಕೈಗೆ ಬರುವವರೆಗೆ ಬೆಂಚು ಬಿಟ್ಟು ಏಳಬೇಡಿ.