ಬೆನ್ನಿಗೂ ಕಣ್ಣಿರಬೇಕು

ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ತಲೆಗೆ ಹೆಲ್ಮೆಟ್, ಹೆಗಲಿಗೆ ದಪ್ಪ ಮೆತ್ತೆ, ಎರಡೂ ತುದಿ ಚೂಪಾದ ಚೆಂಡು. ತಂಡಕ್ಕೆ ಹನ್ನೊಂದು ಮಂದಿ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಈ ಹನ್ನೊಂದು ಮಂದಿಯ ದಂಡನಾಯಕನೇ ಕ್ವಾರ್ಟರ್‌ಬ್ಯಾಕ್. ಚೆಂಡು ಮೊದಲು ಬರುವುದು ಅವನ ಕೈಗೆ. ದೂರದಲ್ಲಿ ಓಡುತ್ತಿರುವ ಜೊತೆಗಾರರಲ್ಲಿ ಯಾರು ಬಿಡುವಾಗಿದ್ದಾರೆಂದು ನೋಡಿ ಅದನ್ನು ಎಸೆಯಬೇಕಾದವನೂ ಅವನೇ.

ಇಷ್ಟನ್ನೂ ಮಾಡಲು ಅವನಿಗೆ ಸಿಗುವುದು ಎರಡೂವರೆ, ಹೆಚ್ಚೆಂದರೆ ಮೂರು ಸೆಕೆಂಡು. ಒಮ್ಮೆ ಉಸಿರೆಳೆದು ಬಿಡುವಷ್ಟು ಹೊತ್ತು. ಅಷ್ಟರೊಳಗೆ ಚೆಂಡು ಕೈಬಿಡದಿದ್ದರೆ ನೂರು ನೂರಿಪ್ಪತ್ತು ಕಿಲೋ ತೂಕದ ಎದುರಾಳಿಗಳು ನುಗ್ಗಿ ಬಂದು ಅವನನ್ನು ಕೆಡವುತ್ತಾರೆ. ಇದಕ್ಕೆ ಅಲ್ಲಿ ‘ಸ್ಯಾಕ್’ ಎಂದು ಹೆಸರು. 1960ರ ದಶಕದಲ್ಲಿ ಲಾಸ್ ಏಂಜಲಿಸ್ ರಾಮ್ಸ್ ತಂಡದಲ್ಲಿದ್ದ ಡೀಕನ್ ಜೋನ್ಸ್ ಈ ಮಾತನ್ನು ಚಾಲ್ತಿಗೆ ತಂದನೆನ್ನುತ್ತಾರೆ. ಇಂಗ್ಲಿಷಿನಲ್ಲಿ ಊರಿಗೆ ಊರೇ ಕೊಳ್ಳೆ ಹೊಡೆಯುವುದಕ್ಕೂ ಇದೇ ಪದ. ಹೆಸರು ಅನ್ವರ್ಥವಾಗಿಯೇ ಇದೆ. ಸ್ಯಾಕ್ ಆದಾಗ ನೆಲವೂ ಹೋಗುತ್ತದೆ, ಯತ್ನವೂ ಹೋಗುತ್ತದೆ, ಕೆಲವೊಮ್ಮೆ ಚೆಂಡೂ ಹೋಗುತ್ತದೆ.

ಕ್ವಾರ್ಟರ್‌ಬ್ಯಾಕ್‌ನ ಕಾವಲಿಗೆ ಐವರು ಲೈನ್‌ಮನ್‌ಗಳು ಬೇಲಿಯಂತೆ ನಿಲ್ಲುತ್ತಾರೆ. ನುಗ್ಗುವವರನ್ನು ತಡೆಯುತ್ತ ಅವರು ಹಿಂದೆ ಸರಿದಂತೆ ನಡುವೆ ಲಾಳದ ಆಕಾರದ ಒಂದು ಜಾಗ ಉಳಿಯುತ್ತದೆ. ಅದೇ ‘ಪಾಕೆಟ್’. ಬಲಗೈಯಲ್ಲಿ ಎಸೆಯುವವನು ಬಲಕ್ಕೆ ಓರೆಯಾಗಿ ನಿಲ್ಲುವುದರಿಂದ ಎಡಗಡೆ ಅವನ ಬೆನ್ನಿಗೆ ಬೀಳುತ್ತದೆ. ಅತ್ತ ಕಡೆಯಿಂದ ಬರುವ ಪೆಟ್ಟು ಅವನಿಗೆ ಕಾಣುವುದೇ ಇಲ್ಲ.

ಇಂಥ ಕಡೆ ಕಾಲು ಚುರುಕಾಗಿದ್ದರೆ ಸಾಕು, ತಪ್ಪಿಸಿಕೊಂಡು ಓಡಬಹುದು ಎಂದು ಯಾರಿಗಾದರೂ ಅನ್ನಿಸುತ್ತದೆ. ಆಟದ ದಾಖಲೆಗಳು ಬೇರೆಯೇ ಕಥೆ ಹೇಳುತ್ತವೆ.

ರಾಂಡಲ್ ಕನಿಂಗ್‌ಹ್ಯಾಮ್ 1985ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಸೇರಿದಾಗ ಆತನಿಗೆ 22 ವರ್ಷ. ಆರಡಿ ನಾಲ್ಕಂಗುಲದ ಆಳು. ಜಿಂಕೆಯ ಓಟ, ಕವಣೆಯಂಥ ತೋಳು. ಮರುವರ್ಷ ತರಬೇತುದಾರನಾಗಿ ಬಂದ ಬಡ್ಡಿ ರಯನ್‌ದು ವಿಚಿತ್ರ ಏರ್ಪಾಡು. ಮೊದಲ ಯತ್ನಗಳಿಗೆ ಹಿರಿಯನಾದ ರಾನ್ ಜವೊರ್ಸ್ಕಿ. ಮೂರನೆಯ ಯತ್ನ ಬಂದು ಇನ್ನೂ ಬಹಳ ದೂರ ಬಾಕಿಯಿದ್ದರೆ ಹುಡುಗನನ್ನು ಇಳಿಸುವುದು. ಅಂಥ ಹೊತ್ತಿನಲ್ಲಿ ಚೆಂಡು ಎಸೆಯದೆ ಗತ್ಯಂತರವಿಲ್ಲವೆಂದು ಎದುರಾಳಿಗಳಿಗೆ ಗೊತ್ತು. ಅವರು ಹಿಂದುಮುಂದು ನೋಡದೆ ನುಗ್ಗುತ್ತಿದ್ದರು. 1986ರ ಆ ಋತುವಿನಲ್ಲಿ ಕನಿಂಗ್‌ಹ್ಯಾಮ್ ಎಸೆದದ್ದು 209 ಸಲ, ನೆಲಕ್ಕುರುಳಿದ್ದು 72 ಸಲ. ತಂಡದ ಒಟ್ಟು ಲೆಕ್ಕ 104. ಒಂದೇ ಋತುವಿನಲ್ಲಿ ಇಷ್ಟು ಸಲ ಬಿದ್ದ ತಂಡ ಇನ್ನೊಂದಿಲ್ಲ.

ಇದರ ಪಕ್ಕದಲ್ಲಿ ಮಯಾಮಿ ಡಾಲ್ಫಿನ್ಸ್ ತಂಡದ ಡ್ಯಾನ್ ಮರೀನೋನನ್ನು ಇಟ್ಟು ನೋಡಬೇಕು. ಓಟದಲ್ಲಿ ಆತ ಯಾರಿಗೂ ಸಾಟಿಯಲ್ಲ. ಶಸ್ತ್ರಚಿಕಿತ್ಸೆ ಕಂಡ ಮೊಣಕಾಲು ಬೇರೆ. ಆದರೂ 1988ರ ಋತುವಿನಲ್ಲಿ 606 ಸಲ ಚೆಂಡೆಸೆದ ಆತನನ್ನು ಕೆಡವಲು ಸಾಧ್ಯವಾದದ್ದು ಬರೀ 6 ಸಲ. ಒಳ್ಳೆಯ ಬೇಲಿ ಇತ್ತು, ನಿಜ. ಅದಕ್ಕಿಂತ ಹೆಚ್ಚಾಗಿ, ಯಾರು ಎಲ್ಲಿಂದ ಬರುತ್ತಿದ್ದಾರೆ ಎಂಬುದು ಆತನಿಗೆ ತಲೆ ತಿರುಗಿಸದೆಯೇ ತಿಳಿಯುತ್ತಿತ್ತು. ಅರ್ಧ ಹೆಜ್ಜೆ ಅತ್ತಿತ್ತ ಸರಿಯುವುದರೊಳಗೆ ಚೆಂಡು ಗಾಳಿಯಲ್ಲಿರುತ್ತಿತ್ತು.

ಓಡಬಲ್ಲವನು ಬೀಳುವುದು ಯಾಕೆ? ಕಾಲನ್ನು ನಂಬಿದವನು ಚೆಂಡನ್ನು ಬೇಗ ಬಿಡುವುದಿಲ್ಲ. ಇನ್ನೊಂದು ಗಳಿಗೆ ಕಾದರೆ ಏನಾದರೂ ಆದೀತು ಎಂಬ ಆಸೆ. ಭಯವಾದಾಗ ಹಿಂದಕ್ಕೋ ಹೊರಕ್ಕೋ ಓಡುತ್ತಾನೆ. ಅಂಚಿನಿಂದ ಬಳಸಿ ಬರುವವರು ಕಾದಿರುವುದು ಅಲ್ಲೇ. ಎಳೆಯ ಕ್ವಾರ್ಟರ್‌ಬ್ಯಾಕ್‌ಗಳ ಇನ್ನೊಂದು ದೋಷ ಇದಕ್ಕಿಂತ ಕೆಟ್ಟದ್ದು. ಎರಡು ಸಲ ಪೆಟ್ಟು ತಿಂದ ಮೇಲೆ ಅವರ ಕಣ್ಣು ದೂರದ ಜೊತೆಗಾರರನ್ನು ಬಿಟ್ಟು ಹತ್ತಿರದ ಶತ್ರುಗಳ ಮೇಲೆ ನೆಡುತ್ತದೆ. ಹೊಡೆಯಲು ಬರುವವನನ್ನೇ ನೋಡುತ್ತ ನಿಂತವನಿಗೆ ಚೆಂಡು ಯಾರಿಗೆ ಕೊಡಬೇಕೆಂಬುದು ಕಾಣುವುದಿಲ್ಲ. ಕಾಣದಿದ್ದರೆ ಎಸೆಯಲಾಗುವುದಿಲ್ಲ. ಎಸೆಯದಿದ್ದರೆ ಮತ್ತೆ ಪೆಟ್ಟು.

ಆದ್ದರಿಂದ ಈ ವಿದ್ಯೆಯ ಮೊದಲ ಪಾಠವೇ ವಿಲಕ್ಷಣ. ಅಪಾಯವನ್ನು ನೋಡಬಾರದು, ಗ್ರಹಿಸಬೇಕು. ಕಣ್ಣು ಇಪ್ಪತ್ತು ಗಜದಾಚೆ ಇರಲಿ, ಮೈ ಮಾತ್ರ ಹತ್ತಿರದ್ದನ್ನು ಕೇಳುತ್ತಿರಲಿ ಎನ್ನುತ್ತಾರೆ ತರಬೇತುದಾರರು. ‘ಮೈಯೆಲ್ಲ ಕಣ್ಣಾಗಿ’ ಎಂಬ ನಮ್ಮ ಮಾತು ಇದಕ್ಕೆ ಸರಿಯಾಗಿ ಹೊಂದುತ್ತದೆ. ಎರಡನೆಯ ಪಾಠ ಹೆಜ್ಜೆಯದು. ಚೆಂಡು ಕೈಗೆ ಬಂದೊಡನೆ ಮೂರು, ಐದು ಅಥವಾ ಏಳು ಹೆಜ್ಜೆ ಹಿಂದೆ ಸರಿಯುವುದು ರೂಢಿ. ಕೊನೆಯ ಹೆಜ್ಜೆ ಊರಿದಾಗ ಮೊದಲ ಜೊತೆಗಾರ ಬಿಡುವಾಗಿರಬೇಕು, ಇಲ್ಲದಿದ್ದರೆ ಎರಡನೆಯವನು, ಆಮೇಲೆ ಮೂರನೆಯವನು. ಹೀಗೆ ಕಾಲೇ ಗಡಿಯಾರವಾಗುತ್ತದೆ. ತಾಳ ತಪ್ಪಿತೆಂದರೆ ಯಾರೋ ಬೆನ್ನ ಹಿಂದೆ ಬಂದಿದ್ದಾರೆಂದೇ ಅರ್ಥ.

ಮೂರನೆಯದು ಎಲ್ಲಕ್ಕಿಂತ ಕಷ್ಟ. ಅಂಚಿನಿಂದ ನುಗ್ಗುವವನು ಬಿಲ್ಲಿನಂತೆ ಬಾಗಿ ಬರುತ್ತಾನೆ. ಆಗ ಹಿಂದೆ ಓಡದೆ, ಬಡಿದಾಟ ನಡೆಯುತ್ತಿರುವ ಕಡೆಗೇ ಒಂದು ಹೆಜ್ಜೆ ಮುಂದಿಟ್ಟರೆ ಆತ ಬೆನ್ನ ಹಿಂದಿನಿಂದ ಹಾದು ಹೋಗುತ್ತಾನೆ. ಮನುಷ್ಯನ ಸಹಜ ಬುದ್ಧಿ ಹಿಂದೆ ಓಡು ಎನ್ನುತ್ತದೆ, ವಿದ್ಯೆ ಮುಂದೆ ಬಾ ಎನ್ನುತ್ತದೆ. ಏನೂ ದಾರಿಯಿಲ್ಲದಾಗ ಪಾಕೆಟ್ಟಿನಿಂದ ಹೊರಬಂದು ಚೆಂಡನ್ನು ಯಾರಿಗೂ ಸಿಗದಂತೆ ಗೆರೆಯಾಚೆ ಎಸೆದುಬಿಡುವುದೂ ಒಂದು ವಿದ್ಯೆಯೇ. ಒಂದು ಯತ್ನ ಹೋಗುತ್ತದೆ, ಮೈ ಉಳಿಯುತ್ತದೆ. ವೀರನಾಗಬೇಕೆಂಬ ವಯಸ್ಸಿನವನಿಗೆ ಇದು ಸುಲಭವಾಗಿ ಒಗ್ಗುವುದಿಲ್ಲ.

ಕನಿಂಗ್‌ಹ್ಯಾಮ್ ಇದನ್ನು ನಿಧಾನವಾಗಿ ಕಲಿತ. 1988ರ ಅಕ್ಟೋಬರ್ 10ರಂದು ನ್ಯೂಯಾರ್ಕ್ ಜೈಂಟ್ಸ್ ತಂಡದ ಕಾರ್ಲ್ ಬ್ಯಾಂಕ್ಸ್ ಡಿಕ್ಕಿ ಹೊಡೆದಾಗ ಆತ ಬೀಳುತ್ತ ಬೀಳುತ್ತ ಒಂದು ಕೈಯನ್ನು ನೆಲಕ್ಕೂರಿ ಮತ್ತೆ ಎದ್ದು ನಿಂತು ಟಚ್‌ಡೌನ್‌ಗೆ ಚೆಂಡೆಸೆದ. 1990ರ ಡಿಸೆಂಬರ್ 2ರಂದು ಬಫಲೋದಲ್ಲಿ ಅದಕ್ಕಿಂತ ದೊಡ್ಡದು ನಡೆಯಿತು. ತನ್ನದೇ ಗೋಲು ಗೆರೆಯ ಹಿಂದೆ ನಿಂತಿದ್ದ ಆತನ ಮೇಲೆ, ಆ ಕಾಲದ ಅತ್ಯಂತ ಭಯಂಕರ ದಾಳಿಗಾರರಲ್ಲಿ ಒಬ್ಬನಾದ ಬ್ರೂಸ್ ಸ್ಮಿತ್ ಕಾಣದ ಮಗ್ಗುಲಿನಿಂದ ಎರಗಿದ. ಕೊನೆಯ ಕ್ಷಣದಲ್ಲಿ ಕನಿಂಗ್‌ಹ್ಯಾಮ್ ಕುಗ್ಗಿದ. ಸ್ಮಿತ್ ಹಿಡಿದದ್ದು ಗಾಳಿಯನ್ನು. ಮರುಗಳಿಗೆಯಲ್ಲಿ ಚೆಂಡು ಮೈದಾನದ ನಡುವೆ ಫ್ರೆಡ್ ಬಾರ್ನೆಟ್‌ನ ಕೈಯಲ್ಲಿತ್ತು. 95 ಗಜಗಳ ಟಚ್‌ಡೌನ್. ಆ ಪಂದ್ಯವನ್ನು ಈಗಲ್ಸ್ 30–23ರಿಂದ ಸೋತಿತು. ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಆ ಕುಗ್ಗುವಿಕೆ.

ಆದರೂ ಮೈ ತೆತ್ತ ಬೆಲೆ ಸಣ್ಣದಲ್ಲ. 1991ರ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಗಾಯ ಮಾಡಿಕೊಂಡು ಇಡೀ ಋತು ಹೊರಗುಳಿದ. 1995ರ ನಂತರ ಆಟವನ್ನೇ ಬಿಟ್ಟು ಲಾಸ್ ವೇಗಾಸ್‌ನಲ್ಲಿ ಅಮೃತಶಿಲೆ, ಗ್ರಾನೈಟಿನ ವ್ಯಾಪಾರ ಹಿಡಿದ. 1997ರಲ್ಲಿ ಮಿನ್ನೆಸೋಟಾ ವೈಕಿಂಗ್ಸ್ ಮತ್ತೆ ಕರೆಯಿತು. 1998ರಲ್ಲಿ, 35ರ ವಯಸ್ಸಿನಲ್ಲಿ, ಓಟ ಕುಂದಿದ ಕಾಲದಲ್ಲಿ, ಆತನ ತಂಡ 16 ಪಂದ್ಯಗಳಲ್ಲಿ 15 ಗೆದ್ದಿತು. ಗಟ್ಟಿ ಬೇಲಿಯ ಹಿಂದೆ ನಿಂತು ಆತ 34 ಟಚ್‌ಡೌನ್ ಎಸೆದ. ಜಿಂಕೆಯಾಗಿದ್ದಾಗ ಸಿಗದ ನೆಮ್ಮದಿ ನಿಂತು ನೋಡಲು ಕಲಿತಾಗ ಸಿಕ್ಕಿತು.

ಪೆಟ್ಟು ತಿಂದೇ ಎಲ್ಲರೂ ಕಲಿಯುತ್ತಾರೆ ಎಂದು ಇದರಿಂದ ತಿಳಿದರೆ ತಪ್ಪಾದೀತು. 2002ರಲ್ಲಿ ಹೊಸದಾಗಿ ಹುಟ್ಟಿದ ಹ್ಯೂಸ್ಟನ್ ಟೆಕ್ಸನ್ಸ್ ತಂಡ ಆ ವರ್ಷದ ಮೊದಲ ಆಯ್ಕೆಯಾಗಿ ಡೇವಿಡ್ ಕಾರ್ ಎಂಬ ಯುವಕನನ್ನು ತಂದಿತು. ಬೇಲಿ ಕಟ್ಟುವ ಮೊದಲೇ ಹುಡುಗನನ್ನು ಮೈದಾನಕ್ಕೆ ಬಿಟ್ಟರು. ಮೊದಲ ವರ್ಷವೇ 76 ಸ್ಯಾಕ್, ಕನಿಂಗ್‌ಹ್ಯಾಮ್‌ನ ದಾಖಲೆಯನ್ನೂ ಮೀರಿದ ಲೆಕ್ಕ. ಐದು ವರ್ಷಗಳಲ್ಲಿ ಒಟ್ಟು 249. ಆಮೇಲೆ ಬೇರೆ ತಂಡಗಳಲ್ಲಿ ಬದಲಿ ಆಟಗಾರನಾಗಿಯೇ ಆತನ ಕಾಲ ಕಳೆಯಿತು. ಹದವಾದ ಬಿಸಿ ಮಡಕೆಯನ್ನು ಗಟ್ಟಿ ಮಾಡುತ್ತದೆ, ಅತಿಯಾದದ್ದು ಸೀಳಿಬಿಡುತ್ತದೆ.

ಇದೇ ಮಾತು ಷಿಕಾಗೋ ಬೇರ್ಸ್ ತಂಡಕ್ಕೆ ಬೇಗ ಅರ್ಥವಾದಂತಿದೆ. 2024ರಲ್ಲಿ ಮೊದಲ ವರ್ಷ ಆಡಿದ ಕ್ಯಾಲೆಬ್ ವಿಲಿಯಮ್ಸ್ 68 ಸಲ ನೆಲ ಕಂಡ. ಮರುವರ್ಷ ಬೆನ್ ಜಾನ್ಸನ್ ಎಂಬ ಹೊಸ ತರಬೇತುದಾರ ಬಂದ, ಬೇಲಿಗೆ ಹೊಸ ಆಳುಗಳು ಬಂದರು. ಸ್ಯಾಕ್‌ಗಳ ಲೆಕ್ಕ 24ಕ್ಕೆ ಇಳಿಯಿತು. ವಿಲಿಯಮ್ಸ್‌ನ ಕಾಲುಗಳು ಅವೇ. ಹುಡುಗ ಹೆಜ್ಜೆಯ ಲೆಕ್ಕ ಕಲಿತ, ಹಿರಿಯರು ಬೇಲಿ ಕಟ್ಟಿಕೊಟ್ಟರು. ಎರಡರಲ್ಲಿ ಒಂದೇ ಇದ್ದರೆ ಬೆನ್ನಿಗೆ ಕಣ್ಣು ಮೂಡುವುದು ಕಷ್ಟ.