ಅದೇ ಬಣ್ಣ, ಅದೇ ಅಂಚು

ಹೋದ ತಿಂಗಳು ಅಕ್ಕನ ಜತೆ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿದ್ದೆ. ಸೀರೆಗೆ ಮ್ಯಾಚಿಂಗ್ ಬ್ಲೌಸ್ ಪೀಸ್ ಬೇಕಿತ್ತು. ಅಂಗಡಿಯ ಹಿರಿಯರು ಐದಾರು ಥಾನು ಇಳಿಸಿದರು, ಯಾವುದೂ ಹೊಂದಲಿಲ್ಲ. ಕೊನೆಗೆ ಒಂದನ್ನು ಹೆಗಲಿಗೇರಿಸಿ, "ಟ್ಯೂಬ್‌ಲೈಟಲ್ಲಿ ನೋಡಬೇಡಿ ಅಮ್ಮಾ, ಬಿಸಿಲಿಗೆ ಬನ್ನಿ" ಎಂದು ರಸ್ತೆಗೇ ನಡೆದರು. ಆಟೋಗಳ ನಡುವೆ ನಿಂತು, ಸೆರಗನ್ನು ಬಟ್ಟೆಯ ಮೇಲೆ ಹಾಸಿ, ಕಣ್ಣು ಕಿರಿದು ಮಾಡಿ ನೋಡಿ, "ಕೆಂಪು ಒಂದು ಚೂರು ಜಾಸ್ತಿ" ಎಂದು ತಾವೇ ಬೇಡವೆಂದರು. ನನಗೆ ಲಬೀಶನ ನಾಟಕ ನೆನಪಾಯಿತು.

ಯೂಜೀನ್ ಲಬೀಶ್, ಮಾರ್ಕ್-ಮಿಷೆಲ್ ಜತೆಗೂಡಿ ಬರೆದ 'ಇಟಲಿಯ ಹುಲ್ಲಿನ ಟೋಪಿ' 1851ರ ಆಗಸ್ಟಿನಲ್ಲಿ ಪ್ಯಾರಿಸ್ಸಿನ ಪಾಲೆ ರೊಯಾಲ್ ರಂಗಮಂದಿರದಲ್ಲಿ ಮೊದಲು ರಂಗಕ್ಕೆ ಬಂತು. ಮದುವೆಯ ದಿನ ಬೆಳಿಗ್ಗೆ ಮದುಮಗನ ಕುದುರೆ ಗಿಡಕ್ಕೆ ನೇತುಹಾಕಿದ್ದ ಹುಲ್ಲಿನ ಟೋಪಿಯೊಂದನ್ನು ಮೇಯುತ್ತದೆ. ಟೋಪಿಯೊಡತಿ ವಿವಾಹಿತೆ, ಜತೆಗಿದ್ದವನು ಗಂಡನಲ್ಲ. ಅಂಥದೇ ಟೋಪಿ ಇಲ್ಲದೆ ಆಕೆ ಮನೆಗೆ ಹೋಗುವಂತಿಲ್ಲ. ಮದುಮಗ ಟೋಪಿ ಹುಡುಕುತ್ತ ಓಡುತ್ತಾನೆ, ಏನೂ ತಿಳಿಯದ ದಿಬ್ಬಣ ಅವನ ಬೆನ್ನಿಗೇ ಓಡುತ್ತದೆ. ಟೋಪಿ ಅಂಗಡಿಯನ್ನೇ ಮದುವೆ ನೋಂದಾಯಿಸುವ ಕಚೇರಿಯೆಂದು ತಿಳಿದು ಒಳನುಗ್ಗುತ್ತದೆ. ಮಾವ ಬಿಗಿಯಾದ ಬೂಟಿಗೆ ನರಳುತ್ತ, ಮಗಳು ಹುಟ್ಟಿದ ದಿನ ನೆಟ್ಟ ಗಿಡದ ಕುಂಡವನ್ನು ಇಡೀ ದಿನ ಹೊತ್ತು ತಿರುಗುತ್ತಾನೆ. ನಾಟಕದಲ್ಲಿ ನನಗೆ ಅತ್ಯಂತ ಪ್ರಿಯವಾದ ವಸ್ತು ಆ ಕುಂಡ. ಅದು ನಗಿಸುತ್ತದೆ, ಹೆಣ್ಣು ಹೆತ್ತವನ ಎದೆಭಾರವನ್ನೂ ಹೇಳುತ್ತದೆ.

1873ರಲ್ಲಿ ನಾಟಕಕಾರ ಗಿಲ್ಬರ್ಟ್ ಇದನ್ನು ಇಂಗ್ಲಿಷಿಗೆ ತಂದ. 1936ರಲ್ಲಿ ನ್ಯೂಯಾರ್ಕಿನಲ್ಲಿ ಆರ್ಸನ್ ವೆಲ್ಸ್ ಆಡಿಸಿದ. ಸಂಗೀತಕಾರ ನೀನೊ ರೋಟಾ ಇಟಲಿಯಲ್ಲಿ ಆಪೆರಾ ಮಾಡಿದ. ಎಲ್ಲಕ್ಕಿಂತ ಹೆಚ್ಚು ಕಲಿಸುವುದು ರೆನೆ ಕ್ಲೇರ್ 1928ರಲ್ಲಿ ಮಾಡಿದ ಮೂಕಿ ಚಿತ್ರ. ಮೂಲದಲ್ಲಿ ನಮ್ಮ ಕಂಪನಿ ನಾಟಕಗಳಂತೆ ಪರಿಚಿತ ಮಟ್ಟುಗಳಿಗೆ ಕಟ್ಟಿದ ಹಾಡುಗಳಿದ್ದವು, ಚುರುಕು ಮಾತಿತ್ತು. ಕ್ಲೇರ್ ಅದೆಲ್ಲ ಬಿಟ್ಟು ಜಾರುವ ಟೈ, ಕಳೆದುಹೋದ ಕೈಗವಸುಗಳಿಂದಲೇ ನಗಿಸಿದ.

ರೂಪಾಂತರ ನಮಗೆ ಹೊಸತಲ್ಲ. ಷೇಕ್ಸ್‌ಪಿಯರನ 'ಕಾಮಿಡಿ ಆಫ್ ಎರರ್ಸ್' 1871ರಲ್ಲೇ ಚನ್ನಬಸಪ್ಪನವರ ಕೈಯಲ್ಲಿ 'ನಗದವರನ್ನು ನಗಿಸುವ ಕಥೆ' ಆಯಿತು. ಪರ್ವತವಾಣಿಯವರು 'ಟೇಮಿಂಗ್ ಆಫ್ ದಿ ಶ್ರೂ'ವನ್ನು 'ಬಹದ್ದೂರ್ ಗಂಡ' ಮಾಡಿದರು. ಆದರೂ ಪ್ರಹಸನವೆಂದರೆ ವಾರ್ಷಿಕೋತ್ಸವದ ಸರಕು ಎಂಬ ಉದಾಸೀನ ನಮ್ಮಲ್ಲಿ ಉಳಿದಿದೆ. ಹೆಸರು ಬದಲಿಸಿ, ನಾಲ್ಕು ಚಟಾಕಿ ಸೇರಿಸಿದರೆ ಕೆಲಸ ಮುಗಿಯಿತೆನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬದಲಾಗಬೇಕಾದ್ದು ಟೋಪಿ. ಯಾವ ವಸ್ತು ಇಲ್ಲದೆ ನಮ್ಮ ಹೆಣ್ಣೊಬ್ಬಳು ಮನೆಯ ಹೊಸಿಲು ದಾಟಲಾರಳು? ರೂಪಾಂತರಕಾರ ಮೊದಲು ಅದನ್ನು ಹುಡುಕಬೇಕು.

ಶಿವಾಜಿನಗರದಲ್ಲಿ ಕೂತು ಪತ್ರಿಕೆಯೊಂದನ್ನು ತರುವ ನನಗೆ ಅದೊಂದು ದುಪಟ್ಟಾ ಆಗಿ ಕಾಣುತ್ತದೆ, ಗಂಡನೇ ಆರಿಸಿ ಕೊಟ್ಟದ್ದು. ಮೇಯುವುದು ಕುದುರೆಯಲ್ಲ, ರಸೆಲ್ ಮಾರ್ಕೆಟ್ ಹಿಂದಿನ ಓಣಿಯ ಆಡು. ದಖ್ಖನಿ, ತಮಿಳು, ಕನ್ನಡ ಮೂರೂ ಒಟ್ಟಿಗೆ ಕೇಳುವ ಬೀದಿಯಲ್ಲಿ ದಿಬ್ಬಣ ದಾರಿ ತಪ್ಪಲು ಬೇರೆ ಕಾರಣ ಬೇಕಿಲ್ಲ. ಬಟ್ಟೆ ಅಂಗಡಿಯನ್ನು ಛತ್ರವೆಂದುಕೊಂಡು ಚಪ್ಪಲಿ ಬಿಟ್ಟು ಒಳಬರುತ್ತಾರೆ. ಮಾವನ ಕೈಯಲ್ಲಿ ಮಲ್ಲಿಗೆಯ ಕುಂಡ.

ಲಬೀಶನಲ್ಲಿ ಬೇಕಾದ ಟೋಪಿ ಮೊದಲ ಅಂಕದಲ್ಲೇ ಮದುಮಗನ ಮನೆಯಲ್ಲಿರುತ್ತದೆ. ಕಿವಿ ಕೇಳದ ಮುದುಕ ಬಂಧುವೊಬ್ಬ ಉಡುಗೊರೆಯಾಗಿ ತಂದ ಡಬ್ಬಿಯಲ್ಲಿ. ಅದರಲ್ಲೇನಿದೆಯೆಂದು ಮದುಮಗನಿಗೆ ಗೊತ್ತಿರುವುದಿಲ್ಲ.