ವಿಡಿಯೋ ಕಾಲ್‌ನಲ್ಲಿ ಉಮ್ಮನ ಬೆನ್ನು ಕಾಣುವುದಿಲ್ಲ

ನಮ್ಮ ಪರಿಚಯದವರೊಬ್ಬರು ದಮಾಮ್‌ನಲ್ಲಿ ಕೆಲಸಕ್ಕಿದ್ದಾರೆ. ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದ ಉಮ್ಮನನ್ನು ಮನೆಯಲ್ಲಿ ನೋಡಿಕೊಳ್ಳಲು ಜನವಿಲ್ಲದೆ ಪೇಟೆಯ ಒಂದು ನರ್ಸಿಂಗ್ ಹೋಮ್‌ನಲ್ಲಿ ಇರಿಸಿದ್ದರು. ಪ್ರತಿ ಶುಕ್ರವಾರ ಜುಮಾ ಮುಗಿಸಿ ವಿಡಿಯೋ ಕಾಲ್. ಅಲ್ಲಿಯ ಹುಡುಗಿ ಫೋನ್ ಹಿಡಿಯುತ್ತಿದ್ದಳು. ಉಮ್ಮನ ತಲೆ ಬಾಚಿರುತ್ತಿತ್ತು, ಮೇಲೊಂದು ಬಿಳಿ ಶಾಲು ಇರುತ್ತಿತ್ತು. "ಸುಖವಾ ಉಮ್ಮಾ?" ಎಂದರೆ ಅವರು ತಲೆ ಅಲ್ಲಾಡಿಸುತ್ತಿದ್ದರು. ಮಗನಿಗೆ ಸಮಾಧಾನ.

ಏಳು ತಿಂಗಳ ನಂತರ ರಜೆಯಲ್ಲಿ ಬಂದವರು ವಿಮಾನ ನಿಲ್ದಾಣದಿಂದ ನೇರ ಅಲ್ಲಿಗೇ ಹೋದರು. ಹಾಸಿಗೆಯ ಬಟ್ಟೆ ಬದಲಾಯಿಸುವ ಹೊತ್ತು. ಅಕ್ಕನ ಜೊತೆ ಸೇರಿ ಉಮ್ಮನನ್ನು ಮಗ್ಗುಲಿಗೆ ತಿರುಗಿಸುವಾಗ ಸೊಂಟದ ಕೆಳಗೆ ಅಂಗೈ ಅಗಲದ ಹುಣ್ಣು ಕಂಡಿತು. ಯಾವಾಗ ಆಯಿತು ಎಂದು ಕೇಳಿದರೆ ಅಲ್ಲಿ ಯಾರಲ್ಲೂ ಉತ್ತರವಿರಲಿಲ್ಲ. "ಏಳು ತಿಂಗಳು ಮುಖ ನೋಡಿದೆ, ಬೆನ್ನು ನೋಡಲಿಲ್ಲ" ಎಂದು ಅವರು ನಮ್ಮಲ್ಲಿ ಹೇಳಿಕೊಂಡು ಅತ್ತರು.

ಆ ಸಂಸ್ಥೆಯ ಹೆಸರು ಇಲ್ಲಿ ಮುಖ್ಯವಲ್ಲ. ಇಂಥದ್ದು ಎಲ್ಲಿಯೂ ಆಗಬಹುದು, ಒಳ್ಳೆಯ ಹೆಸರಿರುವಲ್ಲೂ ಆಗಬಹುದು. ನಾವು ಮಾತಾಡಬೇಕಾದದ್ದು ನಮ್ಮ ಬಗ್ಗೆ.

ನಮ್ಮ ಸಮುದಾಯದಲ್ಲಿ ಉಮ್ಮ, ಉಪ್ಪನನ್ನು ನರ್ಸಿಂಗ್ ಹೋಮ್‌ನಲ್ಲಿ ಇರಿಸುವುದು ಇನ್ನೂ ನಾಚಿಕೆಯ ವಿಷಯ. ಹಿಂದೆ ಕೂಡು ಮನೆಗಳಿದ್ದವು. ಹಾಸಿಗೆ ಹಿಡಿದವರನ್ನು ಎತ್ತಲು, ಮೀಯಿಸಲು ನಾಲ್ಕು ಕೈಗಳಿದ್ದವು. ಈಗ ಗಂಡುಮಕ್ಕಳು ಗಲ್ಫ್‌ನಲ್ಲಿ, ಬೆಂಗಳೂರಿನಲ್ಲಿ. ಮನೆಯಲ್ಲಿ ಉಳಿದಿರುವ ಸೊಸೆಗೆ ಸಣ್ಣ ಮಕ್ಕಳು, ಇಲ್ಲವೇ ಅವರಿಗೇ ಸೊಂಟ ನೋವು. ಹೋಂ ನರ್ಸ್ ಎಂದು ಕರೆಸಿದವರು ಎರಡು ತಿಂಗಳಿಗೆ ಹೇಳದೆ ಹೋಗುತ್ತಾರೆ. ಮೂಗಿಗೆ ಟ್ಯೂಬ್, ಮೂತ್ರಕ್ಕೆ ಟ್ಯೂಬ್ ಹಾಕಿದ ಒಬ್ಬರನ್ನು ಹಗಲು ರಾತ್ರಿ ನೋಡುವುದು ಒಬ್ಬರಿಂದ ಆಗುವ ಕೆಲಸವೇ ಅಲ್ಲ. ಬೇರೆ ದಾರಿ ಕಾಣದೆ ಸೇರಿಸುತ್ತಾರೆ. ಆದರೆ ಮದುವೆ ಹಾಲ್‌ನಲ್ಲಿ, ಮಸೀದಿ ಮೆಟ್ಟಿಲಲ್ಲಿ "ಉಮ್ಮನನ್ನು ಬಿಟ್ಟುಹಾಕಿದರಂತೆ" ಎಂಬ ಮಾತು ತಪ್ಪುವುದಿಲ್ಲ.

ಈ ಮಾತಿನಿಂದ ಏನಾಗುತ್ತದೆ ಗೊತ್ತೇ? ಮನೆಯವರು ಮುಚ್ಚಿಡುತ್ತಾರೆ. "ಉಮ್ಮ ತಂಗಿಯ ಮನೆಯಲ್ಲಿದ್ದಾರೆ" ಎನ್ನುತ್ತಾರೆ. ಮುಚ್ಚಿಟ್ಟ ಮೇಲೆ ಸಂಬಂಧಿಕರು, ನೆರೆಯವರು ನೋಡಲು ಹೋಗುವುದಿಲ್ಲ. ನೋಡಲು ಯಾರೂ ಬಾರದ ರೋಗಿಯ ಸರದಿ ಯಾವಾಗಲೂ ಕೊನೆಗೆ. ದಿನಾ ಜನ ಬರುವ ಹಾಸಿಗೆಯನ್ನು ಯಾವ ಸಂಸ್ಥೆಯೂ ಮರೆಯುವುದಿಲ್ಲ. ನಮ್ಮ ಚುಚ್ಚು ಮಾತುಗಳ ಶಿಕ್ಷೆ ಅನುಭವಿಸುವವರು ಮಕ್ಕಳಲ್ಲ, ಆ ಹಾಸಿಗೆಯಲ್ಲಿರುವ ಉಮ್ಮ. ಆದ್ದರಿಂದ ಸೇರಿಸಿದ್ದು ಸರಿಯೇ ತಪ್ಪೇ ಎಂಬ ಚರ್ಚೆ ಬಿಟ್ಟು, ಅಲ್ಲಿ ಆರೈಕೆ ಹೇಗಿದೆ ಎಂದು ನೋಡುವುದನ್ನು ನಾವು ಕಲಿಯಬೇಕು.

ಮೊದಲನೆಯದಾಗಿ, ರಿಸೆಪ್ಷನ್‌ನ ಎ.ಸಿ., ಹೊಳೆಯುವ ಟೈಲ್ಸ್, ಗೋಡೆಯ ಮೇಲಿನ ಕಅಬಾದ ಚಿತ್ರ ಇವು ಯಾವುವೂ ಆರೈಕೆಯ ಗುರುತಲ್ಲ. ನಮ್ಮವರೇ ನಡೆಸುವುದು ಎಂಬುದೂ ಗುರುತಲ್ಲ. ಸೇರಿಸುವ ಮೊದಲು ಎರಡು ಸಲ ಹೋಗಿ. ಒಮ್ಮೆ ಹೇಳಿ ಹೋಗಿ, ಇನ್ನೊಮ್ಮೆ ಹೇಳದೆ ಊಟದ ಹೊತ್ತಿಗೋ ಭಾನುವಾರ ಸಂಜೆಗೋ ಹೋಗಿ. ರೋಗಿಗಳಿರುವ ಕೋಣೆಯ ತನಕ ಬಿಡದಿದ್ದರೆ ಅದೇ ಒಂದು ಉತ್ತರ. ರಾತ್ರಿ ಎಷ್ಟು ರೋಗಿಗಳಿಗೆ ಎಷ್ಟು ಜನ ಇರುತ್ತಾರೆ, ಅವರಲ್ಲಿ ಕಲಿತ ನರ್ಸ್ ಯಾರು, ಡಾಕ್ಟರ್ ವಾರಕ್ಕೆ ಎಷ್ಟು ಸಲ ಬರುತ್ತಾರೆ, ನಡುರಾತ್ರಿ ಉಸಿರು ಕಟ್ಟಿದರೆ ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ ಎಂದು ಕೇಳಿ. ಬಾಯಿಮಾತಿನ "ಎಲ್ಲ ನೋಡ್ಕೊಳ್ತೇವೆ" ಸಾಲದು.

ಸೇರಿಸಿದ ಮೇಲೆ ನೋಡಬೇಕಾದದ್ದು ಮೈಯನ್ನು. ಅಲುಗಾಡಲಾಗದವರ ಮೈಭಾರ ಒಂದೇ ಕಡೆ ಬಿದ್ದರೆ ಅಲ್ಲಿ ರಕ್ತ ಓಡಾಡದೆ ಚರ್ಮ ಸಾಯುತ್ತದೆ. ಬೆಡ್‌ಸೋರ್ ಎನ್ನುವುದು ಇದನ್ನೇ. ಸೊಂಟದ ಕೆಳಗಿನ ಬಾಲದ ಮೂಳೆ, ತೊಡೆಯ ಬದಿ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ ಇಷ್ಟನ್ನು ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಬಿಳಿಚದೆ ಕೆಂಪಾಗಿಯೇ ಉಳಿದರೆ ಅದು ಆರಂಭದ ಎಚ್ಚರಿಕೆ. ಮೈಬಣ್ಣ ಕಪ್ಪಿದ್ದವರಲ್ಲಿ ಕೆಂಪು ಕಾಣದು, ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಏರ್‌ಬೆಡ್ ಹಾಕಿದ್ದೇವೆ ಎಂದು ತಿರುಗಿಸುವುದನ್ನು ಬಿಡುವಂತಿಲ್ಲ. ತಿರುಗಿಸಿದ ಚಾರ್ಟ್ ಇದೆಯೇ ಎಂದು ಕೇಳಿ. ಮಧ್ಯಾಹ್ನ ನೀವು ಹೋದಾಗಲೇ ರಾತ್ರಿ ಹತ್ತರ ತನಕ ಟಿಕ್ ಬಿದ್ದಿದ್ದರೆ ಆ ಚಾರ್ಟ್‌ಗೆ ಬೆಲೆಯಿಲ್ಲ.

ನೀರು ನೋಡಿ. ತುಟಿ ಒಡೆದಿದೆಯೇ, ನಾಲಿಗೆ ಒಣಗಿದೆಯೇ, ಯೂರಿನ್ ಬ್ಯಾಗ್‌ನ ಮೂತ್ರ ಗಾಢ ಬಣ್ಣಕ್ಕೆ ತಿರುಗಿದೆಯೇ? ಮೇಜಿನ ಮೇಲೆ ನೀರಿನ ಲೋಟ ಇದ್ದರೆ ಸಾಲದು, ಉಮ್ಮನ ಕೈಗೆ ಅದು ಎಟಕುತ್ತದೆಯೇ? ಊಟದ ಹೊತ್ತಿಗೆ ಹೋಗಿ ಪಕ್ಕ ಕುಳಿತುಕೊಳ್ಳಿ. ತಲೆಯ ಕಡೆ ಎತ್ತರಿಸಿ, ಸಣ್ಣ ಚಮಚದಲ್ಲಿ, ನುಂಗಿದ್ದನ್ನು ನೋಡಿ ಇನ್ನೊಂದು ಚಮಚ ಕೊಡುತ್ತಾರೆಯೇ? ಮಲಗಿಸಿಯೇ ಅವಸರದಲ್ಲಿ ಗಂಜಿ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ತಿಂಗಳಿಗೊಮ್ಮೆ ತೂಕ ನೋಡುವ ವ್ಯವಸ್ಥೆ ಇಲ್ಲದಿದ್ದರೆ ಕೈಯ ಬಳೆ ಎಷ್ಟು ಸಡಿಲವಾಗಿದೆ ಎಂದಾದರೂ ನೋಡಿ.

ಔಷಧಿಯ ಪಟ್ಟಿ ಬರೆಸಿಕೊಳ್ಳಿ. ಮಾತಾಡುತ್ತಿದ್ದವರು ಒಂದೇ ವಾರದಲ್ಲಿ ಸದಾ ತೂಕಡಿಸತೊಡಗಿದರೆ ಹೊಸ ಮಾತ್ರೆ ಏನು ಕೊಟ್ಟಿದ್ದಾರೆ, ಯಾವ ಡಾಕ್ಟರ್ ಬರೆದದ್ದು ಎಂದು ಕೇಳಿ. ಗಲಾಟೆ ಮಾಡದಿರಲಿ ಎಂದು ನಿದ್ದೆ ಮಾತ್ರೆ ಕೊಡುವುದು, ಕೈಯನ್ನು ಮಂಚಕ್ಕೆ ಕಟ್ಟುವುದು ಆರೈಕೆಯಲ್ಲ. ಬಿದ್ದು ಪೆಟ್ಟಾದರೆ ಅದೇ ದಿನ ಮನೆಗೆ ಫೋನ್ ಬರಬೇಕು.

ಇನ್ನು ಮಾನದ ವಿಷಯ. ಹೆಂಗಸರ ಮೈ ತೊಳೆಯಲು, ಡೈಪರ್ ಬದಲಿಸಲು ಹೆಂಗಸರೇ ಇದ್ದಾರೆಯೇ, ಆಗ ಪರದೆ ಎಳೆಯುತ್ತಾರೆಯೇ? ಕಿಬ್ಲಾದ ದಿಕ್ಕು ಅಲ್ಲಿಯವರಿಗೆ ಗೊತ್ತಿದೆಯೇ? ವುಝೂ ಮಾಡಲಾಗದವರಿಗೆ ತಯಮ್ಮುಮ್‌ಗೆ ಶುದ್ಧ ಮಣ್ಣು ಇಟ್ಟಿದ್ದೀರಾ? ಜೀವಮಾನ ಪೂರ್ತಿ ನಮಾಝ್ ಬಿಡದವರಿಗೆ ಇದು ಊಟದಷ್ಟೇ ಮುಖ್ಯ.

ಭಾಷೆಯೂ ಅಷ್ಟೇ. ನಮ್ಮ ಎಷ್ಟೋ ಹಿರಿಯ ಹೆಂಗಸರಿಗೆ ಬ್ಯಾರಿ ಭಾಷೆ ಬಿಟ್ಟು ಬೇರೆ ಸಲೀಸಾಗಿ ಬಾರದು. ಮರೆವಿನ ಕಾಯಿಲೆ ಬಂದವರಲ್ಲಿ ನಡುವೆ ಕಲಿತ ಕನ್ನಡ, ಹಿಂದಿ ಮೊದಲು ಅಳಿಸಿಹೋಗಿ ಚಿಕ್ಕಂದಿನ ಮಾತು ಮಾತ್ರ ಉಳಿಯುವುದುಂಟು. ನೋಡಿಕೊಳ್ಳುವ ಹುಡುಗಿ ಹೊರ ರಾಜ್ಯದವಳಾದರೆ ಉಮ್ಮ ನೀರು ಕೇಳಿದ್ದೂ ಅವಳಿಗೆ ತಿಳಿಯದು. ನೀರು, ನೋವು, ಚಳಿ, ಮೂತ್ರ, ಹಸಿವು ಇಂಥ ಇಪ್ಪತ್ತು ಬ್ಯಾರಿ ಪದಗಳನ್ನು ಅವಳಿಗೆ ಓದಲು ಬರುವ ಲಿಪಿಯಲ್ಲಿ, ಅರ್ಥದ ಸಮೇತ ಬರೆದು ಹಾಸಿಗೆಯ ಮೇಲೆ ಅಂಟಿಸಿ. ಖರ್ಚಿಲ್ಲದ ಕೆಲಸ.

ಇಲ್ಲಿ ನ್ಯಾಯದ ಮಾತೊಂದನ್ನೂ ಹೇಳಬೇಕು. ಎಲ್ಲ ಹುಣ್ಣೂ ನಿರ್ಲಕ್ಷ್ಯದಿಂದ ಆದದ್ದಲ್ಲ. ಕೊನೆಯ ದಿನಗಳಲ್ಲಿ, ಮೈ ಪೂರ್ತಿ ಸೋತವರಲ್ಲಿ ಎಷ್ಟು ಜಾಗ್ರತೆ ಮಾಡಿದರೂ ಹುಣ್ಣಾಗುವುದುಂಟು. ಆದ ದಿನವೇ ನಮಗೆ ಹೇಳಿದರೇ, ಡಾಕ್ಟರಿಗೆ ತೋರಿಸಿದರೇ ಎಂಬುದೇ ಪ್ರಶ್ನೆ. ಹಾಗೆಯೇ ಆಯಾಗಳ ಮೇಲೆ ರೇಗಬೇಡಿ. ಕಡಿಮೆ ಸಂಬಳಕ್ಕೆ, ನಮ್ಮ ಕೈಯಲ್ಲಿ ಆಗದ ಕೆಲಸವನ್ನು ಅವರು ಮಾಡುತ್ತಿದ್ದಾರೆ. ಒಬ್ಬಳಿಗೆ ಇಪ್ಪತ್ತು ರೋಗಿಗಳನ್ನು ಒಪ್ಪಿಸಿದ್ದರೆ ತಪ್ಪು ಅವಳದ್ದಲ್ಲ, ಮ್ಯಾನೇಜ್‌ಮೆಂಟ್‌ನದ್ದು. ಅವಳ ಹೆಸರು ತಿಳಿದುಕೊಂಡು, "ಊಟ ಆಯ್ತಾ" ಎಂದು ಕೇಳಿ ಬನ್ನಿ. ಕೇಳುವವರಿದ್ದಾರೆ ಎಂದು ಗೊತ್ತಾದರೆ ಉಮ್ಮನಿಗೂ ಒಳ್ಳೆಯದು.

ಕಾಗದಪತ್ರದ ಬಗ್ಗೆ ನಾವು ಉದಾಸೀನ. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ನರ್ಸಿಂಗ್ ಹೋಮ್‌ಗಳಿಗೆ ನೋಂದಣಿ ಕಡ್ಡಾಯ. ನೋಂದಣಿ ಪತ್ರ ಮತ್ತು ದರಪಟ್ಟಿ ಎಲ್ಲರಿಗೂ ಕಾಣುವಂತೆ ಇರಬೇಕು. ವೃದ್ಧಾಶ್ರಮ ಎಂಬ ಬೋರ್ಡ್ ಹಾಕಿ ಒಳಗೆ ಟ್ಯೂಬ್ ಹಾಕಿದ ರೋಗಿಗಳನ್ನು ಇಟ್ಟುಕೊಂಡವರಲ್ಲಿ ವೈದ್ಯಕೀಯ ಆರೈಕೆಗೆ ನೋಂದಣಿ ಇದೆಯೇ ಎಂದು ಖಂಡಿತ ಕೇಳಿ. ಅಡ್ವಾನ್ಸ್‌ಗೂ ತಿಂಗಳ ಹಣಕ್ಕೂ ರಶೀದಿ ಪಡೆಯಿರಿ. ದೂರಿದ್ದರೆ ಮೊದಲು ಮುಖ್ಯಸ್ಥರಿಗೆ ಬರವಣಿಗೆಯಲ್ಲಿ ಕೊಡಿ, ಪ್ರತಿ ಇಟ್ಟುಕೊಳ್ಳಿ. ಸರಿಯಾಗದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿ ಇದೆ, ಗ್ರಾಹಕರ ಆಯೋಗ ಇದೆ. ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಯಾರೂ ಕರೆ ಮಾಡಬಹುದು.

ನಮ್ಮ ಜಮಾಅತ್‌ಗಳಲ್ಲಿ ಒಂದು ವಿನಂತಿ. ಮದುವೆಗೆ, ಮನೆ ಕಟ್ಟಲು, ಚಿಕಿತ್ಸೆಗೆ ನೆರವಾಗುವ ಒಳ್ಳೆಯ ಅಭ್ಯಾಸ ನಮ್ಮಲ್ಲಿದೆ. ಮೊಹಲ್ಲಾದ ಎಷ್ಟು ಹಿರಿಯರು ನರ್ಸಿಂಗ್ ಹೋಮ್‌ಗಳಲ್ಲಿದ್ದಾರೆ ಎಂಬ ಪಟ್ಟಿಯನ್ನೂ ಮಾಡಬಾರದೇ? ಇಬ್ಬಿಬ್ಬರು ಹೆಂಗಸರ, ಇಬ್ಬಿಬ್ಬರು ಯುವಕರ ತಂಡ ವಾರಕ್ಕೊಮ್ಮೆ ಹೋಗಿ ಅರ್ಧ ಗಂಟೆ ಕುಳಿತು ಬಂದರೆ ಸಾಕು. ರೋಗಿಯನ್ನು ಭೇಟಿಯಾಗುವುದು ಪುಣ್ಯ ಎಂದು ಉಸ್ತಾದರಿಂದ ಕೇಳಿದ್ದೇವೆ. ಅದು ಆಪರೇಷನ್ ಆದವರಿಗೆ ಹಣ್ಣು ಕೊಂಡುಹೋಗುವುದಕ್ಕೆ ಮಾತ್ರ ಅಲ್ಲ.

ಮನೆಯಲ್ಲೇ ಇಟ್ಟುಕೊಂಡವರು "ನಾವು ಬಿಟ್ಟುಹಾಕಿಲ್ಲ" ಎಂದು ಸಮಾಧಾನ ಪಡುವ ಮೊದಲು ಇದೇ ಪ್ರಶ್ನೆಗಳನ್ನು ತಮಗೂ ಹಾಕಿಕೊಳ್ಳಲಿ. ಅಡುಗೆ ಕೋಣೆಯ ಹಿಂದಿನ ಕತ್ತಲ ಕೋಣೆಯಲ್ಲಿ, ದಿನಕ್ಕೆರಡು ಸಲ ಮಾತ್ರ ಬಾಗಿಲು ತೆರೆಯುವ ಹಿರಿಯರು ನಮ್ಮ ದೊಡ್ಡ ಮನೆಗಳಲ್ಲೂ ಇದ್ದಾರೆ.

ಆ ಮಗ ರಜೆ ಮುಂದುವರಿಸಿದರು. ಉಮ್ಮನನ್ನು ಅಕ್ಕನ ಮನೆಗೆ ಹತ್ತಿರದ ಇನ್ನೊಂದು ಕಡೆಗೆ ಬದಲಿಸಿದರು. ಅಕ್ಕ ಈಗ ಎರಡು ದಿನಕ್ಕೊಮ್ಮೆ ಹೋಗಿ ಡ್ರೆಸ್ಸಿಂಗ್ ಮಾಡುವಾಗ ಪಕ್ಕದಲ್ಲಿ ನಿಲ್ಲುತ್ತಾರೆ. ಹುಣ್ಣು ನಿಧಾನಕ್ಕೆ ಮಾಗುತ್ತಿದೆ ಎಂದು ಮೊನ್ನೆ ತಿಳಿಸಿದರು. ಅವರು ದಮಾಮ್‌ಗೆ ಹಿಂತಿರುಗಿದ್ದಾರೆ, ಶುಕ್ರವಾರದ ಕಾಲ್ ಮುಂದುವರಿದಿದೆ.

ಪರದೇಶದಲ್ಲಿರುವ ಸಹೋದರರಲ್ಲಿ ನಾವು ಕೇಳುವುದು ಇಷ್ಟೇ. ಬೆನ್ನನ್ನು ಫೋನಿನಲ್ಲಿ ತೋರಿಸಿ ಎನ್ನಬೇಡಿ, ಅದು ಉಮ್ಮನ ಮಾನಕ್ಕೆ ಸರಿಯಲ್ಲ. ಊರಲ್ಲಿರುವ ಅಕ್ಕನನ್ನೋ, ತಂಗಿಯನ್ನೋ, ನಂಬಿಕೆಯ ನೆರೆಮನೆಯ ಹೆಂಗಸನ್ನೋ ಈ ವಾರವೇ ಕಳುಹಿಸಿ. ಆಟೋದ ಬಾಡಿಗೆ ನೀವು ಕೊಡಿ. ಅವರು ಮಗ್ಗುಲು ತಿರುಗಿಸಿ ನೋಡಿ ಬಂದು "ಸುಖ" ಎಂದರೆ, ಆ ಮಾತನ್ನು ನಂಬಬಹುದು.